ಸವೆದ ಮೆಟ್ಟಿಲು ಹೇಳುವ ವಿಷಯ

ಹಳೆಯ ಕಟ್ಟಡ ನೋಡಲು ಯಾರಾದರೂ ಕರೆದರೆ ನಾನು ಮೊದಲು ಮೆಟ್ಟಿಲು ನೋಡುತ್ತೇನೆ. ಕಮಾನು, ಕೆತ್ತನೆ ಎಲ್ಲ ಆಮೇಲೆ. ಕಲ್ಲು ಎಲ್ಲಿ ಜಾಸ್ತಿ ಸವೆದಿದೆ, ಜನ ಯಾವ ಪಕ್ಕದಿಂದ ಹತ್ತುತ್ತಿದ್ದರು, ಎಲ್ಲಿ ಕೂತು ಕೂತು ಅಂಚು ನುಣ್ಣಗಾಗಿದೆ ಅನ್ನುವುದು ಗೊತ್ತಾದರೆ ಆ ಕಟ್ಟಡ ಊರಿಗೆ ಏನಾಗಿತ್ತು ಅಂತ ಅರ್ಧ ಗೊತ್ತಾದ ಹಾಗೆ. ನಕ್ಷೆಯಲ್ಲಿ ಇದ್ಯಾವುದೂ ಇರುವುದಿಲ್ಲ.

ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ. ಬರೀ ವಯಸ್ಸಾಯಿತು ಅಂತ ಬಿದ್ದ ಕಟ್ಟಡ ನಾನು ಕಂಡದ್ದು ಕಡಿಮೆ. ಬೀಗ ಬಿದ್ದ ಮೇಲೆ ಹಾಳಾದದ್ದೇ ಜಾಸ್ತಿ. ಜನ ಓಡಾಡುವ ಕಟ್ಟಡದಲ್ಲಿ ಚಾವಣಿ ಸೋರಿದರೆ ಮೊದಲ ಮಳೆಗೇ ಗೊತ್ತಾಗುತ್ತದೆ. ಯಾರೋ ಒಬ್ಬರು ಏಣಿ ತರುತ್ತಾರೆ. ಬೀಗ ಹಾಕಿದ ಕಟ್ಟಡದಲ್ಲಿ ಅದೇ ಸಂದಿಯಿಂದ ವರ್ಷಗಟ್ಟಲೆ ನೀರು ಇಳಿಯುತ್ತದೆ. ತೊಲೆಯ ತುದಿ ಗೋಡೆಯೊಳಗೆ ಕೂತಿರುತ್ತದಲ್ಲ, ಕೊಳೆಯಲು ಶುರುವಾಗುವುದು ಅಲ್ಲಿಂದ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ನೀರಿನ ಮಾತು ಬಂತು ಅಂದಮೇಲೆ ಸಿಮೆಂಟ್ ಬಗ್ಗೆ ಹೇಳಲೇಬೇಕು. ಪೋರ್ಟ್‌ಲ್ಯಾಂಡ್ ಸಿಮೆಂಟ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದಕ್ಕೂ ಹಿಂದಿನ ಇಟ್ಟಿಗೆ ಗೋಡೆಗಳಲ್ಲಿ ಹೆಚ್ಚಾಗಿ ಸಿಗುವುದು ಸುಣ್ಣದ ಗಾರೆ ಅಥವಾ ಮಣ್ಣು. ಸುಣ್ಣದ ಗಾರೆ ಮೆತ್ತಗಿನದು. ನೆಲದಿಂದ ಏರಿದ ತೇವ ಅದರ ಮೂಲಕ ಆರಿಹೋಗುತ್ತದೆ. ಗೋಡೆ ಸ್ವಲ್ಪ ಕುಸಿದರೂ ಬಿರುಕು ಬರುವುದು ಗಾರೆಯಲ್ಲಿ, ಇಟ್ಟಿಗೆಯಲ್ಲಲ್ಲ. ಗಾರೆಯನ್ನು ಕೆರೆದು ಮತ್ತೆ ತುಂಬಬಹುದು. ಅಂಥ ಗೋಡೆಗೆ ಗಟ್ಟಿಯಾಗಲಿ ಅಂತ ಸಿಮೆಂಟ್ ಗಿಲಾವು ಮೆತ್ತಿದರೆ ತೇವಕ್ಕೆ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ನೀರಿನ ಜೊತೆ ಬಂದ ಉಪ್ಪು ಗೋಡೆಯೊಳಗೇ ಹರಳುಗಟ್ಟುತ್ತದೆ. ಇಟ್ಟಿಗೆ ಪುಡಿಪುಡಿಯಾಗುತ್ತದೆ. ಕೆಲವು ವರ್ಷ ಕಳೆದು ಗಿಲಾವು ಹಪ್ಪಳೆಯೆದ್ದು ಬಿದ್ದಾಗ, ಹಿಂದಿನ ಇಟ್ಟಿಗೆಗೆ ಮುಖವೇ ಇರುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿ ಹೀಗೆ ಕಟ್ಟಡವನ್ನು ತಿನ್ನುವುದನ್ನು ಎಷ್ಟು ಸಲ ನೋಡಿದರೂ ಸಂಕಟವಾಗುತ್ತದೆ.

ಹಾಗಂತ ಹಳೆಯದು ಬದಲಾಗಲೇಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಸುಬಿನವರು ಇವತ್ತಿಗೂ ತೆಗೆದು ನೋಡುವ 1964ರ ವೆನಿಸ್ ಸನ್ನದು (ಸ್ಮಾರಕಗಳನ್ನು ಹೇಗೆ ಕಾಪಾಡಬೇಕು ಅನ್ನುವ ಅಂತರರಾಷ್ಟ್ರೀಯ ಸೂತ್ರಗಳು) ಕೂಡ, ಸಮಾಜಕ್ಕೆ ಬೇಕಾದ ಯಾವುದಾದರೂ ಕೆಲಸಕ್ಕೆ ಬಳಸಿದರೆ ಸ್ಮಾರಕವನ್ನು ಕಾಪಾಡುವುದು ಸುಲಭ ಎನ್ನುತ್ತದೆ. ಬಳಸುವ ಭರದಲ್ಲಿ ಕಟ್ಟಡದ ವಿನ್ಯಾಸ, ಅಲಂಕಾರ ಬದಲಿಸಬೇಡಿ ಅಂತಲೂ ಹೇಳುತ್ತದೆ. ಪ್ಯಾರಿಸ್ಸಿನ ಓರ್ಸೇ 1900ರಲ್ಲಿ ತೆರೆದ ರೈಲು ನಿಲ್ದಾಣ. ರೈಲುಗಳು ಉದ್ದವಾದವು, ಪ್ಲಾಟ್‌ಫಾರಂ ಸಾಲದಾಯಿತು. 1986ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ದೊಡ್ಡ ಗಡಿಯಾರ ಇನ್ನೂ ಅಲ್ಲೇ ಇದೆ.

ಜನ ಸೇರುವ ಜಾಗದ ಕಥೆ ಇಷ್ಟು ಸರಳವಲ್ಲ. ಅಲ್ಲಿ ಉಳಿಯಬೇಕಾದದ್ದು ಗೋಡೆಗಿಂತ ಹೆಚ್ಚಾಗಿ ಖಾಲಿ ಜಾಗ. ರೋಮಿನ ಪಿಯಾಝಾ ನವೋನಾ ನೋಡಿ. 1ನೇ ಶತಮಾನದಲ್ಲಿ ಚಕ್ರವರ್ತಿ ಡೊಮಿಷಿಯನ್ ಅಲ್ಲಿ ಕ್ರೀಡಾಂಗಣ ಕಟ್ಟಿಸಿದ. ಆಟ ನಿಂತುಹೋಯಿತು. ಜನ ಕೂರುತ್ತಿದ್ದ ಸಾಲುಗಳ ಅಳಿದುಳಿದ ಕಲ್ಲಿನ ಮೇಲೆ ಮನೆಗಳು ಎದ್ದವು. ನಡುವಿನ ಬಯಲು ಮಾತ್ರ ಬಯಲಾಗಿಯೇ ಉಳಿಯಿತು. 15ನೇ ಶತಮಾನದಿಂದ 1869ರವರೆಗೆ ಅಲ್ಲಿ ಮಾರುಕಟ್ಟೆ ನಡೆಯಿತು. ಈಗಲೂ ಆ ಚೌಕ ಉದ್ದಕ್ಕಿದೆ, ಒಂದು ತುದಿ ಬಾಗಿದೆ. ಓಟಗಾರರು ತಿರುಗುತ್ತಿದ್ದ ಬಾಗು ಅದು.

ಹತ್ತಿರದ ಕಾಲದ ಎರಡು ಮಾರುಕಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಪ್ಯಾರಿಸ್ಸಿನ ಲೆ ಹಾಲ್ ಸಗಟು ಮಾರುಕಟ್ಟೆ 1969ರಲ್ಲಿ ನಗರದ ಹೊರಗೆ ಹೋಯಿತು. 1971ರಲ್ಲಿ ಅದರ ಕಬ್ಬಿಣ, ಗಾಜಿನ ಮಂಟಪಗಳನ್ನು ಒಡೆಯಲು ಶುರುಮಾಡಿದರು. ಲಂಡನ್ನಿನ ಕೋವೆಂಟ್ ಗಾರ್ಡನ್ ಮಾರುಕಟ್ಟೆಯೂ 1974ರಲ್ಲಿ ಬೇರೆ ಕಡೆ ಹೋಯಿತು. ಅಲ್ಲಿ ಸುತ್ತಲಿನ ನಿವಾಸಿಗಳು ಹಟ ಹಿಡಿದು ಹೋರಾಡಿದರು. ಹಳೆಯ ಮಾರುಕಟ್ಟೆ ಕಟ್ಟಡ 1980ರಲ್ಲಿ ಅಂಗಡಿಗಳೊಂದಿಗೆ ಮತ್ತೆ ತೆರೆಯಿತು. ಬೆಳಗಿನ ಜಾವದ ತರಕಾರಿ ವ್ಯಾಪಾರ ಮಾತ್ರ ವಾಪಸ್ ಬರಲಿಲ್ಲ. ಹೊರೆ ಹೊರುವವರ ಜಾಗಕ್ಕೆ ಪ್ರವಾಸಿಗರು ಬಂದರು. ಅದು ದೊಡ್ಡ ನಷ್ಟವೇ. ಆದರೂ ಒಂದು ವಿಷಯ ನನಗೆ ಸಮಾಧಾನ ಕೊಡುತ್ತದೆ. ಅಲ್ಲಿ ಬೀದಿ ಕಲಾವಿದರ ಆಟ ನೋಡುತ್ತಾ, ಏನೂ ಕೊಳ್ಳದೆ, ಯಾರಾದರೂ ಸುಮ್ನೆ ನಿಲ್ಲಬಹುದು. ಯಾವುದೇ ಹಳೆಯ ಜಾಗಕ್ಕೆ ಹೊಸ ಯೋಜನೆ ತಂದವರನ್ನು ನಾನು ಕೇಳುವುದು ಇದನ್ನೇ. ಜೇಬಲ್ಲಿ ದುಡ್ಡಿಲ್ಲದವರು ಇಲ್ಲಿ ಅರ್ಧ ಗಂಟೆ ಕೂರಬಹುದಾ?

ಈ ಪ್ರಶ್ನೆಯನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಂದು ಹಳೆಯ ಸಭಾಂಗಣದ ದುರಸ್ತಿ ಅದು. ಗಾರೆ, ತೊಲೆ, ಚಾವಣಿ ಎಲ್ಲ ಚೆನ್ನಾಗಿಯೇ ಆಯಿತು. ಕೊನೆಯಲ್ಲಿ, ಮೆಟ್ಟಿಲು ಗಲೀಜಾಗದಿರಲಿ ಅಂತ ಮುಂದೆ ಕಬ್ಬಿಣದ ಕಂಬಿ ಹಾಕೋಣ ಎಂದರು. ನಾನೂ ಒಪ್ಪಿದೆ. ಒಪ್ಪಬಾರದಿತ್ತು. ಕಟ್ಟಡ ಫೋಟೋದಲ್ಲಿ ಅಚ್ಚುಕಟ್ಟಾಗಿ ಕಂಡಿತು. ಆದರೆ ಸಂಜೆ ಅಲ್ಲಿ ಸೇರುತ್ತಿದ್ದ ಜನ ಚದುರಿಹೋದರು. ಸಭೆಗಳೂ ಕಡಿಮೆಯಾದವು, ಯಾಕೆಂದರೆ ಒಳಗೆ ಏನು ನಡೆಯುತ್ತದೆ ಅನ್ನುವುದು ಹೊರಗೆ ಕೂತವರ ಬಾಯಿಂದಲೇ ಊರಿಗೆ ಹರಡುತ್ತಿತ್ತು.

ಎರಡು ವರ್ಷದ ಮೇಲೆ ಬಾಗಿಲಿನ ಎದುರಿನ ಕಂಬಿಯನ್ನು ತೆಗೆಸಿದೆವು. ಮೊದಮೊದಲು ಯಾರೂ ಬರಲಿಲ್ಲ. ಒಂದು ದಿನ ಒಬ್ಬ ಹೆಂಗಸು ಚೀಲ ಪಕ್ಕಕ್ಕಿಟ್ಟು ಕೂತು, ಚಪ್ಪಲಿಯಲ್ಲಿ ಸಿಕ್ಕಿದ್ದ ಕಲ್ಲು ಕೊಡವಿಕೊಂಡರು. ಮುಂದಿನ ತಿಂಗಳು ನಾನು ಹೋದಾಗ ಸಂಜೆಯ ನೆರಳು ಬೀಳುವ ಕಡೆ, ಕಲ್ಲು ಮೊದಲೇ ಸವೆದಿದ್ದ ಜಾಗದಲ್ಲೇ, ನಾಲ್ಕೈದು ಜನ ಕೂತಿದ್ದರು.