ಕ್ಯಾಬಿನೆಟ್ ಫ್ಯಾನ್ ಎಲ್ಲಿ ಕೂರಿಸಬೇಕು, ಯಾವ ಕಡೆಗೆ ತಿರುಗಿಸಬೇಕು

ನನ್ನ ಕಂಪ್ಯೂಟರ್ ಕ್ಯಾಬಿನೆಟ್‌ನಲ್ಲಿ ಮೊದಲು ಮೂರು ಫ್ಯಾನ್ ಇದ್ದವು. ಮುಂದೆ ಎರಡು, ಹಿಂದೆ ಒಂದು. ಬೇಸಿಗೆ ಬಂತು ಅಂತ ಹೆದರಿ ಮೇಲ್ಭಾಗಕ್ಕೆ ಇನ್ನೆರಡು ಹಾಕಿದೆ. ಪ್ರೊಸೆಸರ್ ತಣ್ಣಗಾಗುವ ಬದಲು ಎರಡು ಡಿಗ್ರಿ ಏರಿತು. ಸದ್ದಂತೂ ಮಿಕ್ಸಿ ಪಕ್ಕ ಕೂತ ಹಾಗೆ. ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ

ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಒಳಗಿನ ಬಿಸಿ ಗಾಳಿಯನ್ನು ಆಚೆ ಹಾಕಿ, ಕೋಣೆಯ ಗಾಳಿಯನ್ನು ಒಳಗೆ ತರುತ್ತದೆ, ಅಷ್ಟೇ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಬೇಕು. ನಿಮ್ಮ ಕಂಪ್ಯೂಟರ್ ಗೇಮ್ ಆಡುವಾಗ 300 ವ್ಯಾಟ್ ಶಾಖ ಬಿಡುತ್ತದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 300 ಜೂಲ್. ಹೊರಗೆ ಹೋಗುವ ಗಾಳಿ ಕೋಣೆಗಿಂತ 10 ಡಿಗ್ರಿ ಮಾತ್ರ ಜಾಸ್ತಿ ಬಿಸಿ ಇರಬೇಕಾದರೆ ಸೆಕೆಂಡಿಗೆ 25 ಲೀಟರ್ ಗಾಳಿ ಸಾಗಬೇಕು. ಫ್ಯಾನ್ ಡಬ್ಬದ ಮೇಲೆ ಬರೆಯುವ ಸಿಎಫ್‌ಎಂ ಲೆಕ್ಕದಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ, ಇದು ಸುಮಾರು 53.

ಈಗ ಗಾಳಿಯನ್ನು ದುಪ್ಪಟ್ಟು ಮಾಡಿ. ಏರಿಕೆ 10ರಿಂದ 5ಕ್ಕೆ ಇಳಿಯುತ್ತದೆ. ಮತ್ತೆ ದುಪ್ಪಟ್ಟು ಮಾಡಿ. 5ರಿಂದ ಎರಡೂವರೆಗೆ. ಮೊದಲ ಎರಡು ಮೂರು ಫ್ಯಾನ್ ಕೊಡುವ ಲಾಭವನ್ನು ಆರನೆಯ ಫ್ಯಾನ್ ಕೊಡುವುದಿಲ್ಲ ಅನ್ನುವುದು ಇದಕ್ಕೇ. ಇನ್ನೊಂದು ಮಾತು: ಡಬ್ಬದ ಮೇಲಿನ ಸಿಎಫ್‌ಎಂ ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಅಂಕಿ. ಜಾಲರಿ, ಧೂಳಿನ ಫಿಲ್ಟರ್, ವೈರುಗಳ ಗಂಟು ಎಲ್ಲ ಸೇರಿದರೆ ಅಷ್ಟು ಗಾಳಿ ಬರುವುದಿಲ್ಲ.

ಗಾಳಿ ಯಾವ ಕಡೆಗೆ ಹೋಗುತ್ತದೆ?

ಫ್ಯಾನನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಕಡೆ ರೆಕ್ಕೆಗಳು ಬಯಲಾಗಿ ಕಾಣುತ್ತವೆ. ಇನ್ನೊಂದು ಕಡೆ ಮೋಟರನ್ನು ಹಿಡಿದುಕೊಂಡ ಮೂರು ನಾಲ್ಕು ಕಡ್ಡಿಗಳಿರುತ್ತವೆ, ಸಾಮಾನ್ಯವಾಗಿ ನಡುವೆ ಸ್ಟಿಕ್ಕರ್ ಕೂಡ. ಗಾಳಿ ಬಯಲು ಕಡೆಯಿಂದ ಒಳಗೆ ಹೋಗಿ ಕಡ್ಡಿಗಳ ಕಡೆಯಿಂದ ಹೊರಗೆ ಬರುತ್ತದೆ. ಆದರೆ ಈಗ ಅಂದಕ್ಕಾಗಿ ಉಲ್ಟಾ ರೆಕ್ಕೆಯ ಫ್ಯಾನ್‌ಗಳೂ ಬಂದಿವೆ, ಅವುಗಳಲ್ಲಿ ಇದು ತಿರುಗುಮುರುಗು. ಚೌಕಟ್ಟಿನ ಬದಿಯಲ್ಲಿ ಬಾಣದ ಗುರುತಿದ್ದರೆ ಅದನ್ನೇ ನಂಬಿ.

ಮಾಮೂಲಿ ದಾರಿ ಇದು: ಮುಂದಿನಿಂದ ಮತ್ತು ಕೆಳಗಿನಿಂದ ಒಳಗೆ, ಹಿಂದಿನಿಂದ ಮತ್ತು ಮೇಲಿನಿಂದ ಹೊರಗೆ. ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ ನಿಜ. ಆದರೆ ಫ್ಯಾನ್ ತಳ್ಳುವ ಜೋರಿನ ಮುಂದೆ ಆ ಏರಿಕೆ ಏನೇನೂ ಅಲ್ಲ. ಮೇಲೆ ಫ್ಯಾನ್ ಇಲ್ಲದಿದ್ದರೆ ಬಿಸಿ ಅಲ್ಲೇ ಕಟ್ಟಿಕೊಳ್ಳುತ್ತದೆ ಅನ್ನುವ ಭಯ ಬೇಡ.

ನನ್ನ ತಪ್ಪು ಇದ್ದದ್ದು ಮೇಲ್ಭಾಗಕ್ಕೆ ಹಾಕಿದ ಎರಡು ಫ್ಯಾನ್‌ಗಳ ಪೈಕಿ ಮುಂದಿನದರಲ್ಲಿ. ಪ್ರೊಸೆಸರ್ ಮೇಲೆ ನಿಂತ ಎತ್ತರದ ಕೂಲರ್ ಮುಂದಿನಿಂದ ಬರುವ ತಣ್ಣನೆಯ ಗಾಳಿಗೆ ಕಾಯುತ್ತಿರುತ್ತದೆ. ಅದರ ನೆತ್ತಿಗಿಂತ ಮುಂದೆ ಹೊರಗೆಳೆಯುವ ಫ್ಯಾನ್ ಇಟ್ಟರೆ, ಒಳಗೆ ಬಂದ ಗಾಳಿ ಕೂಲರ್ ಮುಟ್ಟುವ ಮೊದಲೇ ಮೇಲಿನಿಂದ ಆಚೆ ಹೋಗಿಬಿಡುತ್ತದೆ. ಹೊಸಿಲು ದಾಟಿದ ನೆಂಟರನ್ನು ಊಟಕ್ಕೆ ಮೊದಲೇ ಹಿತ್ತಿಲ ಬಾಗಿಲಿಂದ ಕಳಿಸಿದ ಹಾಗೆ. ಕಣ್ಣಾರೆ ನೋಡಲು ಊದುಬತ್ತಿ ಹಚ್ಚಿ, ಬೂದಿ ಉದುರದ ಹಾಗೆ ಮುಂದಿನ ಜಾಲರಿಯಿಂದ ಸ್ವಲ್ಪ ದೂರ ಹಿಡಿದೆ. ಬದಿಯ ಗಾಜಿನಿಂದ ನೋಡಿದರೆ ಹೊಗೆ ಒಳಗೆ ನುಗ್ಗಿ, ಕೂಲರ್ ಕಡೆ ಹೋಗದೆ ನೇರ ಮೇಲಕ್ಕೆ ತಿರುಗಿತು. ಆ ಒಂದು ಫ್ಯಾನ್ ತೆಗೆದ ಮೇಲೆ ಹೊಗೆ ಕೂಲರ್ ಮೂಲಕ ಹಿಂದಕ್ಕೆ ಹರಿಯಿತು. ಮೇಲೆ, ಹಿಂದಿನ ಮೂಲೆಯಲ್ಲಿರುವ ಫ್ಯಾನ್ ಇದ್ದರೆ ತೊಂದರೆ ಇಲ್ಲ.

ಗ್ರಾಫಿಕ್ಸ್ ಕಾರ್ಡಿನ ಕಥೆ ಬೇರೆ. ಅದರ ಫ್ಯಾನ್‌ಗಳು ಕೆಳಗಿನಿಂದ ಗಾಳಿ ಎಳೆದು ಬಿಸಿಯನ್ನು ಕ್ಯಾಬಿನೆಟ್ ಒಳಗೇ ಬಿಡುತ್ತವೆ. ಅದಕ್ಕೆ ಹತ್ತಿರವಾಗಿ ತಣ್ಣನೆಯ ಗಾಳಿ ಕೊಡುವುದು ಮುಂದಿನ ಕೆಳಗಿನ ಫ್ಯಾನ್, ಅಥವಾ ಜಾಗ ಇದ್ದರೆ ತಳದ ಫ್ಯಾನ್. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ, ತಳದಲ್ಲಿದ್ದು ಕೆಳಗೆ ಜಾಲರಿ ಇದ್ದರೆ, ಅದರ ಫ್ಯಾನ್ ಕೆಳಮುಖವಾಗಿರಲಿ. ಅದಕ್ಕೆ ಅದರದೇ ಗಾಳಿ ಸಿಗುತ್ತದೆ.

ಧೂಳಿನ ವಿಷಯ

ಒಳಗೆ ತರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಅಡುಗೆಮನೆಯ ಎಕ್ಸಾಸ್ಟ್ ಹಾಕಿ ಕಿಟಕಿ ಬಾಗಿಲು ಮುಚ್ಚಿದರೆ ಬಾಗಿಲ ಸಂದಿಯಿಂದ ಗಾಳಿ ಸುಂಯ್ ಅಂತ ಬರುತ್ತದಲ್ವಾ? ಹೊರಗೆಳೆಯುವುದೇ ಜಾಸ್ತಿಯಾದರೆ ಕ್ಯಾಬಿನೆಟ್‌ನಲ್ಲೂ ಅದೇ ಆಗುತ್ತದೆ. ಹಿಂದಿನ ಸ್ಲಾಟ್‌ಗಳ ಸಂದಿ, ಯುಎಸ್‌ಬಿ ತೂತು, ಎಲ್ಲ ಕಡೆಯಿಂದ ಫಿಲ್ಟರ್ ಇಲ್ಲದೆ ಧೂಳು ಬರುತ್ತದೆ. ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿಯಿರಿ, ಸುಮ್ನೆ ಬಿಟ್ಟರೆ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು.

ಸದ್ದು

ಫ್ಯಾನ್ ವೇಗ ಅರ್ಧಕ್ಕಿಳಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಒಂದೇ ತರಹದ ಎರಡು ಫ್ಯಾನ್ ಸೇರಿದರೆ ಏರುವುದು 3 ಡೆಸಿಬಲ್ ಮಾತ್ರ. ಹಾಗಾಗಿ ಅರ್ಧ ವೇಗದ ಎರಡು ಫ್ಯಾನ್, ಪೂರ್ತಿ ವೇಗದ ಒಂದರಷ್ಟೇ ಗಾಳಿ ಕೊಟ್ಟು 12 ಡೆಸಿಬಲ್ ಕಡಿಮೆ ಸದ್ದು ಮಾಡುತ್ತವೆ. ಜಾಸ್ತಿ ಫ್ಯಾನ್ ಹಾಕುವುದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣ ಇದೊಂದೇ. ನಾನು ಹೊಸ ಎರಡನ್ನೂ ಪೂರ್ತಿ ವೇಗಕ್ಕೆ ಬಿಟ್ಟಿದ್ದೆ!

ಅದೂ ಬೇಕೆಂದು ಬಿಟ್ಟದ್ದಲ್ಲ. ಹೊಸ ಫ್ಯಾನ್‌ಗಳದು ಮೂರು ಪಿನ್, ಮದರ್‌ಬೋರ್ಡ್‌ನಲ್ಲಿದ್ದ ಹೆಡರ್, ಅಂದರೆ ಫ್ಯಾನಿನ ವೈರು ಚುಚ್ಚುವ ಜಾಗ, ನಾಲ್ಕು ಪಿನ್ನಿನದು. ಹಾಕಿದರೆ ಕೂರುತ್ತದೆ. ಆದರೆ ವೇಗ ಹೇಳುವುದು ನಾಲ್ಕನೆಯ ಪಿನ್, ಅದೇ ಇಲ್ಲದಿದ್ದರೆ ಫ್ಯಾನ್ ಪೂರ್ತಿ ವೇಗದಲ್ಲೇ ಓಡುತ್ತದೆ. ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್‌ಗೆ, ಹೋಗಿ ಆ ಹೆಡರನ್ನು ಪಿಡಬ್ಲ್ಯುಎಂನಿಂದ (ನಾಲ್ಕನೆಯ ಪಿನ್ನಿನಿಂದ ವೇಗ ಹೇಳುವ ಬಗೆ) ಡಿಸಿಗೆ ಬದಲಿಸಿದರೆ, ಮದರ್‌ಬೋರ್ಡ್ ವೋಲ್ಟೇಜ್ ಇಳಿಸಿ ವೇಗ ತಗ್ಗಿಸುತ್ತದೆ.

ಅಳೆಯುವಾಗ ಕೋಣೆಯ ಉಷ್ಣತೆಯನ್ನೂ ಬರೆದುಕೊಳ್ಳಿ. ಬೆಂಗಳೂರಿನ 28 ಡಿಗ್ರಿಯಲ್ಲಿ 68 ತೋರಿಸುವ ಪ್ರೊಸೆಸರ್, ರಾಯಚೂರಿನ 40ರಲ್ಲಿ ಸುಮಾರು 80 ತೋರಿಸುತ್ತದೆ. ಎರಡೂ ಕಡೆ ಏರಿಕೆ 40, ಫ್ಯಾನ್ ಕೆಟ್ಟಿಲ್ಲ. ಆಮೇಲೆ ಅದೇ ಕೆಲಸ ಓಡಿಸುತ್ತಾ ಬದಿಯ ಬಾಗಿಲು ತೆಗೆದು ನೋಡಿ. ಏಳೆಂಟು ಡಿಗ್ರಿ ಇಳಿದರೆ ಮುಂದೆ ಎಲ್ಲೋ ಗಾಳಿಗೆ ಅಡ್ಡ ಇದೆ.

ನನಗೆ ಹಾಗೆ ಇಳಿಯಲಿಲ್ಲ, ಆದರೂ ಬಿಸಿ ಜಾಸ್ತಿಯೇ ಇತ್ತು. ಕೊನೆಗೆ ಗೊತ್ತಾಯಿತು: ಕಂಪ್ಯೂಟರ್ ಟೇಬಲ್ಲಿನ ಗೂಡಿಗೆ ಹಿಂದೆ ಹಲಗೆ ಹೊಡೆದಿದ್ದರು. ಹೊರಗೆ ಹೋದ ಬಿಸಿ ಗಾಳಿ ಹಲಗೆಗೆ ಬಡಿದು, ಬದಿಯಿಂದ ಸುತ್ತಿ, ಮತ್ತೆ ಮುಂದಿನ ಫ್ಯಾನ್‌ಗೇ ಬರುತ್ತಿತ್ತು. ಈಗ ಕ್ಯಾಬಿನೆಟ್ ಟೇಬಲ್ ಪಕ್ಕದಲ್ಲಿ ಒಂದು ಸಣ್ಣ ಮಣೆಯ ಮೇಲೆ ಕೂತಿದೆ, ಗೂಡಿನಲ್ಲಿ ಪುಸ್ತಕ ಇಟ್ಟಿದ್ದೇನೆ.