ಎಸ್ಕೇಪ್ ಮಾಡುವಾಗ & ಮೊದಲು, ಬಿಡಿಸುವಾಗ & ಕೊನೆಗೆ

ರಾಯಚೂರಿನ ಗಂಜ್‌ನಲ್ಲಿ ಬೋರ್ಡುಗಳನ್ನು ಓದುತ್ತ ಹೋದರೆ '& ಸನ್ಸ್', '& ಕಂಪನಿ' ಎಂಬ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಅಲ್ಲಿನ ಒಂದು ದಲಾಲಿ ಅಂಗಡಿಗೆ ಭತ್ತದ ಆವಕದ ಪಟ್ಟಿ ಮಾಡಿಕೊಡುವ ಪುಟ್ಟ ಪ್ರೋಗ್ರಾಂ ಬರೆಯುವಾಗ ಶೀರ್ಷಿಕೆಯ ಈ ಪಾಠ ನನಗೆ ಸರಿಯಾಗಿ ಅರ್ಥವಾಯಿತು. ಎಸ್ಕೇಪ್ ಎಂದರೆ &, < ಮುಂತಾದ ಚಿಹ್ನೆಗಳ ಬದಲು ಅವುಗಳ ಸಂಕೇತ ಬರೆಯುವುದು; ಬಿಡಿಸುವುದು ಎಂದರೆ ಆ ಸಂಕೇತವನ್ನು ಮತ್ತೆ ಚಿಹ್ನೆ ಮಾಡುವುದು.

ಪಟ್ಟಿಯಲ್ಲಿ ಎರಡು ಭತ್ತದ ತಳಿಗಳ ಒಂದು ಸಾಲು: ಸೋನಾ & ಆರ್‌ಎನ್‌ಆರ್, ತೇವಾಂಶ <17. (ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶದ ಮಿತಿ ಶೇ. 17.) ಬ್ರೌಸರಿನಲ್ಲಿ ಸಾಲು ಚೆನ್ನಾಗಿಯೇ ಕಂಡಿತು. ಅದನ್ನೇ ಪ್ರೋಗ್ರಾಂಗಳು ಓದುವ ಎಕ್ಸ್‌ಎಂಎಲ್ ಎಂಬ ರೂಪದ ಕಡತಕ್ಕೆ ಹಾಕಿದೆ. ಆ ಸಾಲಿಗೇ ಓದುವುದು ನಿಂತುಹೋಯಿತು.

ಕಾರಣ ಇಷ್ಟು. ಎಚ್‌ಟಿಎಂಎಲ್ ಎಂದರೆ ವೆಬ್ ಪುಟ ಬರೆಯುವ ಭಾಷೆ; ಅದರಲ್ಲಿ ಟ್ಯಾಗ್ ಎಂಬ ಗುರುತುಗಳು < ಇಂದ ಶುರುವಾಗುತ್ತವೆ. ಎಚ್‌ಟಿಎಂಎಲ್‌ನಲ್ಲಿ < ಆದಮೇಲೆ ಅಂಕಿಯೋ ಖಾಲಿ ಜಾಗವೋ ಬಂದರೆ ಬ್ರೌಸರ್ ಅದನ್ನು ತಪ್ಪೆಂದು ಗುರುತಿಸಿದರೂ ಪಠ್ಯವಾಗಿಯೇ ತೋರಿಸುತ್ತದೆ. ಅದೇ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಬಂದಿದ್ದರೆ ಟ್ಯಾಗ್ ಶುರುವಾಯಿತೆಂದು ತಿಳಿದು ಪದವನ್ನೇ ನುಂಗಿಬಿಡುತ್ತಿತ್ತು. 1998ರಲ್ಲಿ ಬಂದ ಎಕ್ಸ್‌ಎಂಎಲ್ 1.0 ಇಂಥ ಸಡಿಲ ಕೊಡುವುದಿಲ್ಲ. ಹಾಗಾಗಿ 'ಬ್ರೌಸರಿನಲ್ಲಿ ಕಂಡಿತಲ್ಲ' ಎನ್ನುವುದನ್ನು ಪರೀಕ್ಷೆ ಎಂದು ದಯವಿಟ್ಟು ನಂಬಬೇಡಿ.

ಪರಿಹಾರವೆಂದರೆ ಚಿಹ್ನೆಯ ಬದಲು ಅದರ ಸಂಕೇತ ಬರೆಯುವುದು: & ಗೆ &#38; ಮತ್ತು < ಗೆ &#60; ಮತ್ತು > ಗೆ &#62;. ಪಠ್ಯ ಆಟ್ರಿಬ್ಯೂಟ್ (ಟ್ಯಾಗಿನೊಳಗೆ ಉದ್ಧರಣ ಚಿಹ್ನೆಗಳ ನಡುವೆ ಬರೆಯುವ ಬೆಲೆ) ಒಳಗೆ ಹೋಗುವುದಾದರೆ " ಗೆ &#34;, ' ಗೆ &#39; ಸಹ ಬೇಕು. ಕನ್ನಡ ಅಕ್ಷರಗಳಿಗೆ ಇದರ ಅಗತ್ಯವಿಲ್ಲ. &#3221; ಎಂದು ಬರೆದರೂ ಕ ಮೂಡುತ್ತದೆ ನಿಜ, ಆದರೆ ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳನ್ನೂ ಉಳಿಸುವ ವಿಧಾನ) ಕಡತದಲ್ಲಿ ನೇರವಾಗಿ ಕ ಬರೆಯುವುದೇ ಚೆಂದ.

ಈಗ ಕ್ರಮದ ವಿಷಯ. ಬಹಳ ಮಂದಿ ಎಡವುವುದು ಇಲ್ಲೇ, ನಾನೂ ಎಡವಿದೆ. ಮೊದಲು < ಬದಲಿಸಿದೆ, &#60; ಆಯಿತು. ಆಮೇಲೆ & ಬದಲಿಸಿದೆ. ಆಗ ಹೊಸದಾಗಿ ಹುಟ್ಟಿದ್ದ & ಕೂಡ ಸಿಕ್ಕಿಬಿದ್ದು &#38;#60; ಆಯಿತು; ಪುಟದಲ್ಲಿ <17 ಬದಲು &#60;17 ಎಂದು ಕಂಡಿತು. ಸಂಕೇತಗಳೆಲ್ಲ & ಇಂದಲೇ ಶುರುವಾಗುವುದರಿಂದ ಅದನ್ನೇ ಮೊದಲು ಮುಗಿಸಬೇಕು. ಪೈಥಾನ್‌ನ ಎಚ್‌ಟಿಎಂಎಲ್ ಮಾಡ್ಯೂಲಿನ ಎಸ್ಕೇಪ್ ಫಂಕ್ಷನ್ ತೆರೆದು ನೋಡಿ, ಅಲ್ಲೂ & ಬದಲಿಸುವ ಸಾಲೇ ಮೊದಲು.

ಬಿಡಿಸುವಾಗ ಇದು ತಲೆಕೆಳಗು. &#38;#60; ಎಂಬುದರ ಮೂಲ ಪಠ್ಯ &#60; ಮಾತ್ರ. & ಮೊದಲು ಬಿಡಿಸಿದರೆ &#60; ಆಗಿ, ಮುಂದಿನ ಹೆಜ್ಜೆಯಲ್ಲಿ ಅದೂ < ಆಗಿ, ಬರೆದವರು ಬರೆಯದೇ ಇದ್ದ ಚಿಹ್ನೆ ಬಂದು ಕೂರುತ್ತದೆ. & ಕೊನೆಗೆ ಬಿಡಿಸಿ; ಅಥವಾ ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತ ಬದಲಿಸಿ. ನನ್ನ ಮಟ್ಟಿಗೆ ಎರಡನೆಯದೇ ಭದ್ರ.

ಡೇಟಾಬೇಸಿನಲ್ಲಿ ಇಡುವಾಗ ಎಸ್ಕೇಪ್ ಮಾಡಲೇಬೇಡಿ. ಅಲ್ಲಿ & ಅಂದರೆ & ಆಗಿಯೇ ಇರಲಿ, ಪುಟಕ್ಕೆ ಬರೆಯುವ ಗಳಿಗೆಯಲ್ಲಿ ಒಮ್ಮೆ ಮಾತ್ರ ಮಾಡಿ. ಎರಡು ಕಡೆ ಮಾಡಿದರೆ ಅಂಗಡಿಯ ಹೆಸರಿನ ನಡುವೆ &#38; ಕಾಣಿಸುತ್ತದೆ.

ನಿಮ್ಮ ಫಂಕ್ಷನ್ ಸಿದ್ಧವಾದ ಮೇಲೆ &#60; ಎಂಬ ಈ ಐದು ಚಿಹ್ನೆಗಳನ್ನೇ ಪಠ್ಯವಾಗಿ ಕೊಟ್ಟು, ಎಸ್ಕೇಪ್ ಮಾಡಿ, ಮತ್ತೆ ಬಿಡಿಸಿ ನೋಡಿ. ಐದೂ ಇದ್ದ ಹಾಗೇ ವಾಪಸ್ ಬರಬೇಕು.