ಬೇರುಹುಳುವಿಗೊಂದು ಬೇಟೆಗಾರ

ಧೋ ಎಂದು ಮಳೆ ಸುರಿಯುತ್ತಿರುತ್ತದೆ. ಆದರೂ ಅಡಿಕೆ ಮರ ನೀರನ್ನೇ ಕಾಣದ ಹಾಗೆ ಸೊರಗಿರುತ್ತದೆ. ಸೋಗೆ ಹಳದಿ, ಹರಳು (ಎಳೆಯ ಅಡಿಕೆ ಕಾಯಿ) ಉದುರುತ್ತದೆ, ಕಾಂಡ ತುದಿಗೆ ಹೋದಂತೆ ಸಣಕಲು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬೆಳೆಗಾರರು ಮಳೆಗಾಲದಲ್ಲಿ ಫೋನ್ ಮಾಡಿದರೆ "ಹಳದಿ ಎಲೆ ರೋಗ ಬಂತಾ ಸರ್?" ಎಂದು ಕೇಳುವವರೇ ಜಾಸ್ತಿ. ನಾನು ಹೇಳುವುದು ಒಂದೇ: ಮೊದಲು ಬುಡ ಅಗೆದು ನೋಡಿ.

ಅಗೆದರೆ ಎಷ್ಟೋ ತೋಟಗಳಲ್ಲಿ ಬೇರುಹುಳು ಸಿಗುತ್ತದೆ. ಬಿಳಿ ಮೈ, ಕಂದು ತಲೆ, ಮುದುಡಿ ಮಲಗಿದ ಗೊಣ್ಣೆಹುಳ. ಲ್ಯೂಕೋಫೋಲಿಸ್ ಎಂಬ ಗುಂಪಿನ ದುಂಬಿಯ ಮರಿ ಇದು. ಎಳೆ ಬೇರುಗಳನ್ನು ಇದು ತಿಂದು ಮುಗಿಸಿದರೆ ಮರಕ್ಕೆ ನೀರು ಎಳೆಯಲು ದಾರಿಯೇ ಇಲ್ಲ. ಹೊರಗೆ ಮಳೆ, ಮರದೊಳಗೆ ಬರ. ಆಗ ಎಲೆ ತನ್ನ ಉಸಿರಾಟದ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಆಹಾರ ತಯಾರಿ ಕುಗ್ಗುತ್ತದೆ, ಕೊನೆಗೆ ಮರ ಹರಳನ್ನೇ ಕೈಬಿಡುತ್ತದೆ. ಸಸ್ಯದ ಒತ್ತಡ ಎಂದು ನಾವು ಓದುವುದು, ಅಳೆಯುವುದು ಇದನ್ನೇ. ಇಂಥ ಮರಕ್ಕೆ ಸುಮ್ನೆ ಗೊಬ್ಬರ ಸುರಿದರೆ ಏನು ಬಂತು? ಹೀರುವುದಕ್ಕೆ ಬೇರೇ ಇಲ್ಲವಲ್ಲ.

ಈ ಹುಳುವಿಗೆ ಮಣ್ಣಿನಲ್ಲೇ ಒಬ್ಬ ಬೇಟೆಗಾರನಿದ್ದಾನೆ. ಅದು ಜಂತುಹುಳು, ಅಂದರೆ ನೆಮಟೋಡ್. ಆ ಹೆಸರು ಕೇಳಿದರೆ ಕಾಳುಮೆಣಸು ಬೆಳೆಯುವವರು ಗಾಬರಿ ಬೀಳುತ್ತಾರೆ. ಬೇರಲ್ಲಿ ಗಂಟು ಕಟ್ಟಿಸಿ ಬಳ್ಳಿಯನ್ನು ಸೊರಗಿಸುವ ಜಂತು ಬೇರೆ, ಇದು ಬೇರೆ. ಇದಕ್ಕೆ ಬೇಕಾದ್ದು ಕೀಟ ಮಾತ್ರ, ಗಿಡದ ಬೇರಿನ ತಂಟೆಗೆ ಹೋಗುವುದಿಲ್ಲ. ನಮ್ಮ ಹವೆಗೆ ಹೊಂದುವ ಜಾತಿ ಹೆಟೆರೊರಾಬ್ಡಿಟಿಸ್ ಇಂಡಿಕಾ. 1992ರಲ್ಲಿ ತಮಿಳುನಾಡಿನಿಂದ ಇದು ವಿಜ್ಞಾನಕ್ಕೆ ಪರಿಚಯವಾಯಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಇದನ್ನು ನೀರಿಗೆ ಕಲಸುವ ಪುಡಿಯ ರೂಪಕ್ಕೆ ತಂದಿದ್ದಾರೆ.

ಇದರ ಕೆಲಸ ನೋಡಬೇಕು. ಸುಮಾರು ಅರ್ಧ ಮಿಲಿಮೀಟರ್ ಉದ್ದದ ಮರಿ, ಬರಿಗಣ್ಣಿಗೆ ಕಾಣುವುದೇ ಕಷ್ಟ. ಬಾಯಿಂದಲೋ, ಗುದದಿಂದಲೋ, ಉಸಿರಾಟದ ರಂಧ್ರದಿಂದಲೋ ಹುಳುವಿನ ಒಳಗೆ ಹೋಗುತ್ತದೆ. ಹೋದದ್ದೇ ತನ್ನ ಕರುಳಿನಲ್ಲಿ ಸಾಕಿಕೊಂಡ ಫೋಟೊರಾಬ್ಡಸ್ ಎಂಬ ಬ್ಯಾಕ್ಟೀರಿಯಾವನ್ನು ಹುಳುವಿನ ರಕ್ತಕ್ಕೆ ಬಿಡುತ್ತದೆ. ಹುಳು ಒಂದೆರಡು ದಿನದಲ್ಲಿ ಸಾಯುತ್ತದೆ. ಸತ್ತ ಹುಳು ಕೊಳೆತು ನಾರುವುದಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಪ್ರಯೋಗಾಲಯದ ದೀಪ ಆರಿಸಿ, ಕಣ್ಣು ಕತ್ತಲಿಗೆ ಒಗ್ಗುವ ತನಕ ಕೂತರೆ ಅದರಿಂದ ಮಂದವಾದ ಬೆಳಕು ಬರುವುದು ಕಾಣುತ್ತದೆ. ಆ ಬೆಳಕು ಬ್ಯಾಕ್ಟೀರಿಯಾದ್ದು. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಗಿಡಕ್ಕೂ ಈ ಬೇಟೆಯಲ್ಲಿ ಪಾಲಿದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳಾದ ಸೆರ್ಜಿಯೊ ರಾಸ್ಮನ್, ಟೆಡ್ ಟರ್ಲಿಂಗ್ಸ್ ಮತ್ತು ಸಂಗಡಿಗರು 2005ರಲ್ಲಿ ಮೆಕ್ಕೆಜೋಳದಲ್ಲಿ ಇದನ್ನು ತೋರಿಸಿಕೊಟ್ಟರು. ಹುಳು ಬೇರು ಕಡಿದಾಗ ಗಿಡ ಕ್ಯಾರಿಯೋಫಿಲೀನ್ ಎಂಬ ವಾಸನೆಯನ್ನು ಮಣ್ಣಿಗೆ ಬಿಡುತ್ತದೆ. ಅದರ ಜಾಡು ಹಿಡಿದು ಜಂತುಹುಳು ಬರುತ್ತದೆ. ನಮ್ಮ ಕಾಳುಮೆಣಸಿನ ಎಣ್ಣೆಯಲ್ಲಿ ಧಾರಾಳವಾಗಿರುವುದೂ ಇದೇ ವಸ್ತು. ಅಮೆರಿಕದ ಹೆಚ್ಚಿನ ಮೆಕ್ಕೆಜೋಳದ ತಳಿಗಳು ಈ ವಾಸನೆ ಬಿಡುವ ಗುಣವನ್ನೇ ಕಳೆದುಕೊಂಡಿವೆ ಎಂಬುದೂ ಅದೇ ಅಧ್ಯಯನದಲ್ಲಿ ಗೊತ್ತಾಯಿತು. ತಳಿ ಆರಿಸುವಾಗ ನಾವು ಇಳುವರಿ ನೋಡುತ್ತೇವೆ, ಬೇರಿನ ವಾಸನೆ ಯಾರು ನೋಡುತ್ತಾರೆ ಅಲ್ವಾ? ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ತೋಟದ ಮಾತು. ಇದು ಜೀವ ಇರುವ ಸರಕು, ಔಷಧಿ ಡಬ್ಬಿಯಂತೆ ಅಟ್ಟದ ಮೇಲೆ ಇಡುವಂಥದ್ದಲ್ಲ. ಬಿಸಿಲು ತಾಗಿದರೆ, ಒಣಗಿದರೆ ಸತ್ತುಹೋಗುತ್ತದೆ. ತಂದದ್ದನ್ನು ನೆರಳಲ್ಲಿಟ್ಟು ಬೇಗ ಬಳಸಿ. ನೀರಿಗೆ ಕಲಸಿದ ಮೇಲಂತೂ ನಾಳೆಗೆ ಇಡಬೇಡಿ. ಸಂಜೆ ಹೊತ್ತು, ಮಣ್ಣು ತೇವ ಇದ್ದಾಗ, ದರಗು (ಒಣಗಿದ ಎಲೆ) ಸರಿಸಿ ಬುಡದ ಸುತ್ತ ಹೊಯ್ದು ಮತ್ತೆ ದರಗು ಮುಚ್ಚಿ. ನೆರಳು, ಸೊಪ್ಪಿನ ಹೊದಿಕೆ, ತೇವ ಇರುವ ನಮ್ಮ ಮಲೆನಾಡಿನ ತೋಟ ಇದಕ್ಕೆ ತಕ್ಕ ಜಾಗ. ಆದರೆ ನೀರು ನಿಂತ ತೋಟದಲ್ಲಿ ಕೆಲಸ ಮಾಡುವುದಿಲ್ಲ, ಜಂತುವಿಗೂ ಗಾಳಿ ಬೇಕು. ಬಸಿಗಾಲುವೆ ಮೊದಲು ಸರಿ ಮಾಡಿ.

ಹೊತ್ತು ತಪ್ಪಿದರೂ ಪ್ರಯೋಜನವಿಲ್ಲ. ಮುಂಗಾರಿನ ಮೊದಲ ಮಳೆಗೆ ದುಂಬಿಗಳು ಮುಸ್ಸಂಜೆ ಮಣ್ಣಿಂದ ಏಳುತ್ತವೆ. ಅವನ್ನು ಆಗಲೇ ಹಿಡಿದು ಸಾಯಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದವು ಮೊಟ್ಟೆ ಇಟ್ಟು, ಮರಿ ಇನ್ನೂ ಸಣ್ಣದಿರುವಾಗ ಜಂತುಹುಳು ಕೊಡಬೇಕು. ಬಲಿತ ಗೊಣ್ಣೆಹುಳುವಿನ ಉಸಿರಾಟದ ರಂಧ್ರಕ್ಕೆ ಜರಡಿಯಂಥ ತಡೆ ಇರುತ್ತದೆ, ಒಳಗೆ ನುಗ್ಗುವುದು ಕಷ್ಟ.

ಹಾಕಿ ವಾರ ಹತ್ತು ದಿನ ಆದ ಮೇಲೆ ಒಂದೆರಡು ಬುಡ ಅಗೆದು ನೋಡಿ. ಇಟ್ಟಿಗೆ ಬಣ್ಣದ ಹುಳ ಸಿಕ್ಕರೆ ಎಸೆಯಬೇಡಿ, ಅಲ್ಲೇ ಮಣ್ಣು ಮುಚ್ಚಿ. ಇನ್ನೊಂದೆರಡು ವಾರದಲ್ಲಿ ಅದರ ಮೈಯಿಂದ ಸಾವಿರಾರು ಹೊಸ ಮರಿಗಳು ಹೊರಟು ಪಕ್ಕದ ಹುಳ ಹುಡುಕುತ್ತವೆ.